ರಬ್ಬರ್ ರಾಕ್ಷಸನ ಒಡ್ಡೋಲಗ

ಅಮೆರಿಕದ ಲಾಸ್ ಏಂಜಲಿಸ್ ನಗರದ ಗ್ರಿಫಿತ್ ಪಾರ್ಕಿನ ಅಂಚಿನಲ್ಲಿ ಬ್ರಾನ್ಸನ್ ಕಣಿವೆ ಎಂಬ ಹಳೆಯ ಕಲ್ಲುಕ್ವಾರಿ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಊರಿನ ರಸ್ತೆಗಳಿಗೆ ಇಲ್ಲಿಂದ ಕಲ್ಲು ಹೋಗುತ್ತಿತ್ತು. ಕ್ವಾರಿ ಮುಚ್ಚಿದ ಮೇಲೆ ಉಳಿದದ್ದು ಬೋಳು ಬಂಡೆಗೋಡೆಗಳು ಮತ್ತು ಅವುಗಳ ನಡುವೆ ಕೊರೆದ ಒಂದು ಗಿಡ್ಡ ಸುರಂಗ. ಸ್ಟುಡಿಯೋಗಳಿಗೆ ಹತ್ತಿರ, ನೋಡಲು ಮಾತ್ರ ಯಾವುದೋ ಸತ್ತ ಗ್ರಹದ ನೆಲ. ಹಾಗಾಗಿ ಅನ್ಯಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕತೆಗಳನ್ನು ಅಗ್ಗದಲ್ಲಿ ತೆಗೆಯುತ್ತಿದ್ದ 1950ರ ದಶಕದ ಹಲವು ನಿರ್ಮಾಪಕರು ಈ ಗುಹೆಯ ಬಾಯಲ್ಲಿ ಕ್ಯಾಮೆರಾ ಇಟ್ಟರು. 1953ರ ‘ರೋಬೋಟ್ ಮಾನ್‌ಸ್ಟರ್’ ಚಿತ್ರದಲ್ಲಿ ಗೊರಿಲ್ಲಾ ವೇಷದ ಮೇಲೆ ಮುಳುಗುಗಾರರ ಹೆಲ್ಮೆಟ್ಟಿನಂಥದ್ದನ್ನು ತೊಟ್ಟ ರೋ-ಮ್ಯಾನ್ ಎಂಬ ಜೀವಿ ಮಾನವಕುಲವನ್ನು ಮುಗಿಸಲು ಹೊರಡುವುದು ಇಲ್ಲಿಂದ. 1956ರ ‘ಇಟ್ ಕಾಂಕರ್ಡ್ ದಿ ವರ್ಲ್ಡ್’ನಲ್ಲಿ ಶುಕ್ರಗ್ರಹದ ಪ್ರಾಣಿ ಅಡಗಿ ಕೂರುವುದು ಇಲ್ಲಿ. ಅದೇ ವರ್ಷದ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ನಲ್ಲಿ ಊರಿಗೆ ಊರೇ ಬೆನ್ನಟ್ಟಿ ಬರುವಾಗ ನಾಯಕ ನಾಯಕಿಯರು ಉಸಿರು ಬಿಗಿಹಿಡಿದು ಅವಿತುಕೊಳ್ಳುವುದೂ ಇಲ್ಲೇ. ಮೊದಲನೆಯದನ್ನು ನೋಡಿ ಎಪ್ಪತ್ತು ವರ್ಷಗಳಿಂದ ಜನ ನಗುತ್ತಿದ್ದಾರೆ. ಎರಡನೆಯದು ಬಹಳ ಹೊತ್ತು ಬಿಗಿಯಾಗಿ ಹಿಡಿದು ಕೂರಿಸಿ ಕೊನೆಗೆ ನಗೆಗೀಡಾಗುತ್ತದೆ. ಮೂರನೆಯದು ಇಂದಿಗೂ ನಿದ್ದೆ ಕೆಡಿಸುತ್ತದೆ. ಗುಹೆ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ದುಡ್ಡಿನಿಂದ ಎಂದು ಹೇಳಿಬಿಡುವುದು ಸುಲಭ. ‘ರೋಬೋಟ್ ಮಾನ್‌ಸ್ಟರ್’ ನಾಲ್ಕೇ ದಿನದಲ್ಲಿ, ಸುಮಾರು 16 ಸಾವಿರ ಡಾಲರಿನಲ್ಲಿ ಮುಗಿದ ಚಿತ್ರ. ‘ಬಾಡಿ ಸ್ನ್ಯಾಚರ್ಸ್’ಗೆ ತಗುಲಿದ್ದು 4 ಲಕ್ಷ ಡಾಲರಿನ ಆಸುಪಾಸು. ಆದರೆ ಅಂದಿನ ಹಾಲಿವುಡ್ ಲೆಕ್ಕದಲ್ಲಿ ಎರಡೂ ಬಡಚಿತ್ರಗಳೇ. 1953ರಲ್ಲಿ ಜಾರ್ಜ್ ಪಾಲ್ ನಿರ್ಮಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ಗೆ ಪ್ಯಾರಾಮೌಂಟ್ ಸಂಸ್ಥೆ ಸುಮಾರು 20 ಲಕ್ಷ ಡಾಲರ್ ಸುರಿದಿತ್ತು. ಅಲ್ಲದೆ ‘ಬಾಡಿ ಸ್ನ್ಯಾಚರ್ಸ್’ನಲ್ಲಿ ನಮ್ಮನ್ನು ಬೆದರಿಸುವ ಗಳಿಗೆಗಳಿಗೆ ಹೆಚ್ಚಿನ ಖರ್ಚೇ ಆಗಿಲ್ಲ. ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿರುವ ಚಿಕ್ಕಪ್ಪ, ಅವನನ್ನು ದೂರದಿಂದ ನೋಡಿ ‘ಇವನು ನನ್ನ ಚಿಕ್ಕಪ್ಪ ಅಲ್ಲ’ ಎಂದು ನಡುಗುವ ಹೆಣ್ಣುಮಗಳು, ಬೆಳಗಿನ ಹೊತ್ತು ಊರಿನ ಚೌಕದಲ್ಲಿ ಮಾತಿಲ್ಲದೆ ಸೇರುವ ಪರಿಚಿತ ಮುಖಗಳು: ಇವನ್ನು ತೆಗೆಯಲು ಬೇಕಾದದ್ದು ಒಂದು ಕ್ಯಾಮೆರಾ, ಒಂದಿಷ್ಟು ನಟರು. ಈ ಚಿತ್ರಗಳ ಬಗ್ಗೆ ನನ್ನ ವಾದ ಇಷ್ಟು. ಬಡತನ ಅವುಗಳ ದೋಷವಲ್ಲ. ಪ್ರೇಕ್ಷಕರ ಜೊತೆ ಮೊದಲು ಮಾಡಿಕೊಂಡ ಒಪ್ಪಂದವನ್ನು ನಡುದಾರಿಯಲ್ಲಿ ಮುರಿದದ್ದು ದೋಷ. ಒಪ್ಪಂದ ಉಳಿದಲ್ಲೆಲ್ಲ ಅದೇ ಬಡತನ ಚಿತ್ರದ ಸೊಗಸಿಗೆ ಮೂಲವಾಗಿದೆ.

ಇಷ್ಟೊಂದು ಅಗ್ಗದ ದಂಡಯಾತ್ರೆಗಳು ಆ ದಶಕದಲ್ಲೇ ಯಾಕೆ ನಡೆದವು ಎಂಬುದಕ್ಕೆ ಕಾರಣಗಳು ಗೊತ್ತಿರುವಂಥವೇ. 1947ರ ಜೂನ್‌ನಲ್ಲಿ ಕೆನೆತ್ ಆರ್ನಾಲ್ಡ್ ಎಂಬ ವಿಮಾನ ಚಾಲಕ ರೇನಿಯರ್ ಪರ್ವತದ ಬಳಿ ಆಕಾಶದಲ್ಲಿ ವಿಚಿತ್ರ ವಸ್ತುಗಳನ್ನು ಕಂಡೆನೆಂದ. ಪತ್ರಿಕೆಗಳು ಅವನ್ನು ಹಾರುವ ತಟ್ಟೆ ಎಂದು ಕರೆದವು. 1949ರಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಸ್ಫೋಟಿಸಿತು, ಮರುವರ್ಷ ಕೊರಿಯಾ ಯುದ್ಧ ಶುರುವಾಯಿತು. ಆಕಾಶದಿಂದ ಏನೋ ಬಂದು ಬೀಳುತ್ತದೆ ಎಂಬ ಭಯಕ್ಕೆ ಬೇರೆ ಪೀಠಿಕೆ ಬೇಕಿರಲಿಲ್ಲ. ಇತ್ತ ಚಿತ್ರೋದ್ಯಮದ ತಳಪಾಯವೂ ಅಲುಗಿತ್ತು. ದೊಡ್ಡ ಸ್ಟುಡಿಯೋಗಳು ಚಿತ್ರಮಂದಿರಗಳ ಒಡೆತನವನ್ನೂ ಇಟ್ಟುಕೊಳ್ಳುವುದನ್ನು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಪ್ಪೆಂದಿತು. ಟಿವಿ ಮನೆಮನೆಗೆ ಬಂತು. ದೊಡ್ಡವರು ಕಡಿಮೆ ಚಿತ್ರ ತೆಗೆಯತೊಡಗಿದರು. ಹೊರವಲಯದಲ್ಲಿ ಕಾರಿನಲ್ಲೇ ಕೂತು ಚಿತ್ರ ನೋಡುವ ಡ್ರೈವ್-ಇನ್‌ಗಳು ದಶಕದ ಕೊನೆಗೆ 4,000 ದಾಟಿದವು, ಅವುಗಳ ಪರದೆಗೆ ವಾರವಾರ ಏನಾದರೂ ಬೇಕಿತ್ತು. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಕಟ್ಟಿದ ಸಂಸ್ಥೆ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದದ್ದು, ಈ ಹಸಿವಿಗೇ ಹುಟ್ಟಿದ್ದು. ಅಲ್ಲಿ ಎಷ್ಟೋ ಸಲ ಮೊದಲು ಹೆಸರು ಹುಟ್ಟುತ್ತಿತ್ತು, ಆಮೇಲೆ ಪೋಸ್ಟರ್, ಕೊನೆಗೆ ಕತೆ. ಪೋಸ್ಟರಿನಲ್ಲಿ ನಗರಗಳನ್ನು ತುಳಿಯುತ್ತಿದ್ದ ಜೀವಿ ಚಿತ್ರದೊಳಗೆ ಬಂದಾಗ ಒಬ್ಬ ಮನುಷ್ಯ ಹೊಕ್ಕು ನಡೆಸಬಹುದಾದಷ್ಟೇ ದೊಡ್ಡದಿರುತ್ತಿತ್ತು. ಒಪ್ಪಂದ ಮುರಿಯುವ ಕೆಲಸ ಟಿಕೆಟ್ ಕಿಟಕಿಯಲ್ಲೇ ಶುರುವಾಗುತ್ತಿತ್ತು ಎನ್ನಬೇಕು.

ಒಪ್ಪಂದ ಎಂದರೇನು ಎಂಬುದನ್ನು ಕರಾವಳಿ ಮಲೆನಾಡಿನವರಿಗೆ ವಿವರಿಸುವ ಅಗತ್ಯವಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ರೀತಿಯನ್ನು ನೆನೆಯಿರಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ಒಳಗಿನಿಂದ ಅಬ್ಬರ ಕೇಳುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ಬೆರಳುಗಳು ತೆರೆಯನ್ನು ಹಿಡಿಯುತ್ತವೆ, ಅರೆಗಳಿಗೆ ಮುಖ ಮಿಂಚಿ ಮರೆಯಾಗುತ್ತದೆ. ರಾಕ್ಷಸ ಪೂರ್ತಿ ಕಾಣುವ ಹೊತ್ತಿಗೆ ಅವನನ್ನು ಅರ್ಧಕ್ಕಿಂತ ಹೆಚ್ಚು ಕಟ್ಟಿ ಮುಗಿಸಿದವರು ಪ್ರೇಕ್ಷಕರೇ. ಆ ಮುಖದ ಚಿಟ್ಟಿ ಅಕ್ಕಿಹಿಟ್ಟಿನದೆಂದು, ಕಿರೀಟ ಮರದ್ದೆಂದು ಎಲ್ಲರಿಗೂ ಗೊತ್ತು. ಆ ತಿಳಿವಳಿಕೆ ಭಯಕ್ಕೆ ಅಡ್ಡ ಬರುವುದಿಲ್ಲ. ಯಾಕೆಂದರೆ ಅಲ್ಲಿ ದೇವರೂ ಅರಸನೂ ಸ್ತ್ರೀವೇಷವೂ ಅದೇ ಬಣ್ಣ ಅದೇ ಬಟ್ಟೆಯ ಲೋಕದವರು. ಸಿನಿಮಾದ ಕಷ್ಟವೇ ಬೇರೆ. ಕ್ಯಾಮೆರಾ ನಿಜವಾದ ರಸ್ತೆಯನ್ನು, ನಿಜವಾದ ಬಿಸಿಲನ್ನು, ನಿಜವಾದ ಕಾರನ್ನು ತೋರಿಸಿ, ಇದೆಲ್ಲ ಇದ್ದದ್ದು ಇದ್ದ ಹಾಗೆ ಎಂದು ಮಾತು ಕೊಡುತ್ತದೆ. ಅದೇ ಬಿಸಿಲಿಗೆ ರಬ್ಬರಿನ ಮೈಯೊಂದನ್ನು ತಂದು ನಿಲ್ಲಿಸಿದರೆ ಕೊಟ್ಟ ಮಾತು ತಪ್ಪುತ್ತದೆ. ರಬ್ಬರ್ ತಪ್ಪಲ್ಲ, ಅದಕ್ಕೆ ತೆರೆ ಹಿಡಿಯದೆ ಹೋದದ್ದು ತಪ್ಪು.

‘ಇಟ್ ಕಾಂಕರ್ಡ್ ದಿ ವರ್ಲ್ಡ್’ ಇದಕ್ಕೆ ಅತ್ಯುತ್ತಮ ಸಾಕ್ಷಿ, ಯಾಕೆಂದರೆ ಗೆಲುವು ಸೋಲು ಎರಡೂ ಅದೊಂದರಲ್ಲೇ ಇವೆ. ರೋಜರ್ ಕಾರ್ಮನ್ ನಿರ್ದೇಶನದ ಈ ಚಿತ್ರದಲ್ಲಿ ಲೀ ವ್ಯಾನ್ ಕ್ಲೀಫ್ ಒಬ್ಬ ಕಹಿಗೊಂಡ ವಿಜ್ಞಾನಿ. ರೇಡಿಯೋ ಮೂಲಕ ಶುಕ್ರಗ್ರಹದ ಜೀವಿಯ ಸಂಪರ್ಕ ಸಾಧಿಸಿ, ಅದು ಮನುಷ್ಯರಿಗೆ ಶಾಂತಿ ತರುತ್ತದೆಂದು ಪ್ರಾಮಾಣಿಕವಾಗಿ ನಂಬಿ ಅದನ್ನು ಕರೆಸಿಕೊಳ್ಳುತ್ತಾನೆ. ಆಕ್ರಮಣ ಶುರುವಾಗುವುದು ಹೇಗೆ? ಊರಿನ ಶಕ್ತಿಮೂಲಗಳೆಲ್ಲ ನಿಲ್ಲುತ್ತವೆ. ಕಾರು ನಿಂತಿತು, ಫೋನ್ ಸತ್ತಿತು, ಗಡಿಯಾರ ಸ್ತಬ್ಧವಾಯಿತು. ಪೀಟರ್ ಗ್ರೇವ್ಸ್‌ನ ನಾಯಕ ನಿಂತ ಕಾರುಗಳ ಲೋಕದಲ್ಲಿ ಸೈಕಲ್ ತುಳಿಯುತ್ತ ಸುತ್ತುತ್ತಾನೆ. ಇದಕ್ಕಿಂತ ಅಗ್ಗದ ಪ್ರಳಯವನ್ನು ಯಾರೂ ತೆಗೆದಿರಲಾರರು. ಓಡುವ ಕಾರಿಗೆ ಪೆಟ್ರೋಲ್ ಬೇಕು, ನಿಂತ ಕಾರಿಗೆ ಏನೂ ಬೇಡ. ಆದರೂ ಅದು ಕೆಲಸ ಮಾಡುತ್ತದೆ. ಆಮೇಲೆ ಅದೇ ನಾಯಕ, ಮನಸ್ಸು ವಶವಾಗಿಹೋದ ತನ್ನ ಹೆಂಡತಿಯನ್ನು ಕೊಲ್ಲಬೇಕಾಗಿ ಬರುತ್ತದೆ. ಆ ದೃಶ್ಯದಲ್ಲಿ ಒಂದು ಕೋಣೆ, ಇಬ್ಬರು ನಟರು ಬಿಟ್ಟರೆ ಮತ್ತೇನಿಲ್ಲ. ದೊಡ್ಡ ಬಂಡವಾಳದ ಚಿತ್ರವೊಂದು ಅಷ್ಟು ಕಠೋರವಾಗಲು ಹಿಂಜರಿಯುತ್ತಿತ್ತು ಎಂದೇ ನನ್ನ ಅನಿಸಿಕೆ.

ಆಮೇಲೆ ಪ್ರಾಣಿ ಹೊರಗೆ ಬರುತ್ತದೆ. ಅದನ್ನು ಮಾಡಿದವರು ಪಾಲ್ ಬ್ಲೇಸ್ಡೆಲ್. ಕೆಳಗೆ ಅಗಲ, ಮೇಲೆ ಚೂಪು, ಮುಖದ ತುಂಬ ಹಲ್ಲು, ಎರಡು ಏಡಿಗೈ. ಶುಕ್ರದಲ್ಲಿ ಗುರುತ್ವ ಬಹಳ ಹೆಚ್ಚು, ಅಲ್ಲಿನ ಜೀವಿ ನೆಲಕ್ಕೆ ಅಂಟಿಕೊಂಡ ಕುಳ್ಳ ಆಕಾರದ್ದೇ ಇರಬೇಕು ಎಂಬುದು ಅದರ ಹಿಂದಿನ ತರ್ಕ. ಶುಕ್ರ ಭೂಮಿಗಿಂತ ತುಸು ಚಿಕ್ಕದು, ಅಲ್ಲಿನ ಗುರುತ್ವ ಭೂಮಿಯದರ ಒಂಬತ್ತು ಹತ್ತಾಂಶದಷ್ಟು. ತರ್ಕದ ಬುಡವೇ ತಪ್ಪು. ಅದನ್ನು ಬದಿಗಿಡೋಣ, ಕತೆಗೆ ಅಷ್ಟು ಸಲುಗೆ ಕೊಡಬಹುದು. ಬ್ಲೇಸ್ಡೆಲ್ ಅದನ್ನು ಮಾಡಿದ್ದು ಗುಹೆಯ ಕತ್ತಲಲ್ಲಿ ಅರೆಬರೆ ಕಾಣಲೆಂದು. ಕಣ್ಣಿನ ಹೊಳಪು, ಏಡಿಯ ನೆರಳು ಇಷ್ಟೇ ಕಂಡಿದ್ದರೆ ಸಾಕಿತ್ತು. ಅದನ್ನು ಹಗಲು ಬೆಳಕಿಗೆ ಎಳೆದು ತಂದ ಕ್ಷಣದಲ್ಲಿ ಅದರ ತೂಕವೆಲ್ಲ ಹೋಯಿತು, ನಡೆಯಲಾರದ ಬುರುಡೆಯೊಂದನ್ನು ಹಿಂದಿನಿಂದ ತಳ್ಳುತ್ತಿರುವುದು ಗೊತ್ತಾಗಿಬಿಟ್ಟಿತು. ಅದರ ಮುಂದೆ ನಿಂತು ಸಾಯುವ ವಿಜ್ಞಾನಿಯ ಪಶ್ಚಾತ್ತಾಪ ನಿಜವಾದದ್ದು, ವ್ಯಾನ್ ಕ್ಲೀಫ್ ಅದನ್ನು ಮನಸಾರೆ ಅಭಿನಯಿಸಿದ್ದಾನೆ. ನೋಡುವವರ ಕಣ್ಣು ಮಾತ್ರ ಅಲ್ಲಿಲ್ಲ.

ಇದೇ ಅಳತೆಯಿಂದ ಎಡ್ ವುಡ್‌ನ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ ಅನ್ನೂ ನೋಡಬೇಕು. 1956ರಲ್ಲಿ ಚಿತ್ರೀಕರಣಗೊಂಡು 1959ರ ಹೊತ್ತಿಗೆ ಚಿತ್ರಮಂದಿರಗಳಿಗೆ ಬಂದ ಈ ಚಿತ್ರಕ್ಕೆ ಹಣ ಹಾಕಿದ್ದು ಬ್ಯಾಪ್ಟಿಸ್ಟ್ ಚರ್ಚೊಂದರ ಬಳಗ. ಡ್ರಾಕುಲಾ ಪಾತ್ರದಿಂದ ಹೆಸರಾಗಿದ್ದ ಬೇಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಅದಕ್ಕೂ ಮುಂಚೆ ಬೇರೆ ಉದ್ದೇಶಕ್ಕೆ ತೆಗೆದಿದ್ದ ಅವರ ಕೆಲವೇ ನಿಮಿಷಗಳ ಮೂಕ ದೃಶ್ಯಗಳನ್ನು ವುಡ್ ಇದರಲ್ಲಿ ಸೇರಿಸಿದ; ಉಳಿದ ಕಡೆ ತನ್ನ ಹೆಂಡತಿಗೆ ಚಿಕಿತ್ಸೆ ಕೊಡುತ್ತಿದ್ದ ಟಾಮ್ ಮೇಸನ್ ಎಂಬಾತನನ್ನು, ಲುಗೋಸಿಗಿಂತ ಎತ್ತರದವನನ್ನು, ಮುಖಕ್ಕೆ ನಿಲುವಂಗಿ ಅಡ್ಡ ಹಿಡಿಸಿ ನಡೆಸಿದ. ಸ್ಮಶಾನದ ಕಲ್ಲುಗಳು ಅಲುಗುತ್ತವೆ. ಒಂದೇ ಪ್ರಸಂಗದಲ್ಲಿ ಹಗಲು ರಾತ್ರಿಯಾಗಿ ರಾತ್ರಿ ಮತ್ತೆ ಹಗಲಾಗುತ್ತದೆ. ಹ್ಯಾರಿ ಮತ್ತು ಮೈಕೆಲ್ ಮೆಡ್ವೆಡ್ ಸಹೋದರರ 1980ರ ಪುಸ್ತಕ ಇದನ್ನು ಸಾರ್ವಕಾಲಿಕ ಕೆಟ್ಟ ಚಿತ್ರವೆಂದು ಘೋಷಿಸಿದ ಮೇಲೆ ಆ ಬಿರುದೇ ಅದರ ಖ್ಯಾತಿಯಾಯಿತು. ಬಿರುದು ಅನ್ಯಾಯದ್ದು. ಸೋಮಾರಿತನದಿಂದ ಹುಟ್ಟಿದ, ಏನನ್ನೂ ಹೇಳಬಯಸದ, ನೋಡಿ ಮುಗಿಸುವುದೇ ಕಷ್ಟವಾದ ಚಿತ್ರಗಳು ಪ್ರತಿ ವರ್ಷ ಪ್ರತಿ ಭಾಷೆಯಲ್ಲೂ ಬರುತ್ತವೆ. ಅವುಗಳ ಹೆಸರು ಕೂಡ ಯಾರಿಗೂ ನೆನಪಿರುವುದಿಲ್ಲ. ವುಡ್‌ನ ಅನ್ಯಗ್ರಹದವರು ಬಂದಿರುವುದು ಭೂಮಿಯನ್ನು ದೋಚಲು ಅಲ್ಲ. ಪಟಾಕಿಯಿಂದ ಹೈಡ್ರೋಜನ್ ಬಾಂಬಿನವರೆಗೆ ಬಂದ ಮನುಷ್ಯ ಮುಂದಿನ ಹೆಜ್ಜೆಯಲ್ಲಿ ಸೂರ್ಯನ ಬೆಳಕನ್ನೇ ಸಿಡಿಸಿ ವಿಶ್ವವನ್ನು ಸುಡುತ್ತಾನೆ, ಅದನ್ನು ತಡೆಯಬೇಕು ಎಂಬುದು ಅವರ ಅಳಲು. ಮಾತುಗಳು ತೊಡಕಿನವು, ನಟನೆ ಕಟ್ಟಿಗೆ, ಆದರೆ ಆ ಅಂಜಿಕೆ ಆ ಕಾಲದ ನಿಜವಾದ ಅಂಜಿಕೆ. ಮುದುಕ ಲುಗೋಸಿ ಮನೆಯಿಂದ ಹೊರಬಂದು ಒಂದು ಹೂವು ಕಿತ್ತು ನಿಲ್ಲುವ ತುಣುಕಂತೂ ನಿಜಕ್ಕೂ ಕರುಳು ಹಿಂಡುತ್ತದೆ. ಇಷ್ಟಿದ್ದೂ ಚಿತ್ರ ಸೋಲುತ್ತದೆಂದು ಒಪ್ಪಲೇಬೇಕು. ದೃಶ್ಯದಿಂದ ದೃಶ್ಯಕ್ಕೆ ಅದರ ಲೋಕದ ನಿಯಮ ಬದಲಾಗುತ್ತದೆ, ಯಾವ ಕಣ್ಣಿನಿಂದ ನೋಡಬೇಕೆಂದು ನಮಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಅದೇ ಅಗ್ಗದ ಸಾಮಗ್ರಿಯಲ್ಲಿ ನಿಯಮ ಕಟ್ಟಿಕೊಂಡವರ ಕಡೆ ತಿರುಗಿದರೆ ಚಿತ್ರ ಬದಲಾಗುತ್ತದೆ. 1951ರ ‘ದಿ ಮ್ಯಾನ್ ಫ್ರಮ್ ಪ್ಲ್ಯಾನೆಟ್ ಎಕ್ಸ್’ ಅನ್ನು ಎಡ್ಗರ್ ಉಲ್ಮರ್ ಆರು ದಿನದಲ್ಲಿ ಮುಗಿಸಿದರು. ಸೆಟ್‌ಗಳು ಅವರದಲ್ಲ, 1948ರ ‘ಜೋನ್ ಆಫ್ ಆರ್ಕ್’ ಚಿತ್ರಕ್ಕೆ ಹಾಕಿ ಬಿಟ್ಟಿದ್ದಂಥವು. ಮಧ್ಯಯುಗದ ಫ್ರಾನ್ಸನ್ನು ಸ್ಕಾಟ್ಲೆಂಡಿನ ಬಯಲು ಮಾಡಬೇಕಿತ್ತು. ಅವರು ಇಡೀ ಚಿತ್ರವನ್ನು ಮಂಜಿನಲ್ಲಿ ಮುಳುಗಿಸಿದರು. ಮಂಜು ಸೆಟ್ಟಿನ ಅಂಚನ್ನು ಮುಚ್ಚಿತು, ಹಾಗೆ ಮುಚ್ಚುತ್ತಲೇ ಮೊದಲ ನಿಮಿಷದಿಂದ ನಮ್ಮ ಕಣ್ಣನ್ನು ಪಳಗಿಸಿತು: ಇಲ್ಲಿ ಯಾವುದೂ ಸ್ಪಷ್ಟ ಕಾಣುವುದಿಲ್ಲ ಎಂದು. ಆ ಮಂಜಿನಿಂದ ಗಾಜಿನ ಹಿಂದಿನ ಒಂದು ಮುಖ ಬರುತ್ತದೆ. ಅಲುಗದ ಮುಖವಾಡ, ಒಂದೇ ಭಾವ. ಅದರ ಉಸಿರಾಟದ ಕೊಳವೆ ಕೆಟ್ಟಾಗ ಅದು ಮನುಷ್ಯನ ಸಹಾಯ ಬೇಡುತ್ತದೆ. ಆಮೇಲೆ ದುರಾಸೆಯ ವಿಜ್ಞಾನಿಯೊಬ್ಬ ಗುಟ್ಟು ಬಾಯಿಬಿಡಿಸಲು ಆ ಉಸಿರನ್ನೇ ತಡೆಯುತ್ತಾನೆ. ಹಣವಿಲ್ಲದ್ದರಿಂದ ಭಾವವಿಲ್ಲದೆ ಉಳಿದ ಮುಖ ಈಗ ನಮ್ಮ ಅನುಮಾನ, ಕರುಣೆ ಎರಡನ್ನೂ ತುಂಬಿಕೊಳ್ಳುತ್ತದೆ. ಬಂದವನು ಶತ್ರುವೋ ಅತಿಥಿಯೋ ಎಂಬ ಪ್ರಶ್ನೆ ಕೊನೆಗೂ ತೀರುವುದಿಲ್ಲ. ಹಾವಭಾವವುಳ್ಳ ದುಬಾರಿ ಮುಖವಾಡ ಆ ಪ್ರಶ್ನೆಯನ್ನು ತಾನೇ ತೀರಿಸಿ ಕೆಡಿಸುತ್ತಿತ್ತು.

ಬ್ರಿಟನ್ನಿನಲ್ಲಿ 1953ರ ಬೇಸಗೆಯಲ್ಲಿ ಬಿಬಿಸಿ ಆರು ಕಂತುಗಳಲ್ಲಿ ನೇರಪ್ರಸಾರ ಮಾಡಿದ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಇನ್ನೂ ಒಂದು ಹೆಜ್ಜೆ ಮುಂದೆ. ಬಾಹ್ಯಾಕಾಶಕ್ಕೆ ಹೋದವರು ಮೂವರು, ಮರಳಿದವನು ಒಬ್ಬ, ಅವನೊಳಗೆ ಇನ್ನೇನೋ ಬೆಳೆಯುತ್ತಿದೆ. ಕೊನೆಯ ಕಂತಿನಲ್ಲಿ ಅದು ವೆಸ್ಟ್‌ಮಿನ್‌ಸ್ಟರ್ ಅಬೆಯ ಎತ್ತರದಲ್ಲಿ ಹಬ್ಬಿಕೊಂಡಿರುತ್ತದೆ. ಲೇಖಕ ನೈಜೆಲ್ ನೀಲ್ ಮತ್ತು ಮುಂದೆ ಅವರನ್ನು ಮದುವೆಯಾದ, ಮಕ್ಕಳ ಪುಸ್ತಕಗಳಿಗೆ ಹೆಸರಾದ ಜುಡಿತ್ ಕೆರ್ ಕೈಗವಸುಗಳಿಗೆ ಎಲೆ, ತೊಗಲಿನ ಚೂರುಗಳನ್ನು ಅಂಟಿಸಿ ಆ ಭೂತವನ್ನು ಮಾಡಿದರು. ಅಬೆಯ ದೊಡ್ಡ ಫೋಟೋದಲ್ಲಿ ತೂತು ಕೊರೆದು, ನೀಲ್ ಆ ತೂತಿನಿಂದ ತಮ್ಮ ಎರಡು ಕೈಗಳನ್ನೇ ತೂರಿಸಿ ಆಡಿಸಿದರು. ಆರು ವಾರ ಕಾದು ಕೂತ ಪ್ರೇಕ್ಷಕರು ಆ ಹೊತ್ತಿಗೆ ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಅಂತ್ಯವಂತೂ ಇನ್ನೂ ಮಿತವ್ಯಯದ್ದು: ಅವರನ್ನು ಬಾಹ್ಯಾಕಾಶಕ್ಕೆ ಕಳಿಸಿದ ವಿಜ್ಞಾನಿ ಕ್ವಾಟರ್‌ಮಾಸ್ ಆ ರಾಶಿಯ ಮುಂದೆ ನಿಂತು ಅದರೊಳಗೆ ಅಳಿದುಳಿದ ಮೂವರು ಮನುಷ್ಯರನ್ನು ಹೆಸರು ಹಿಡಿದು ಕರೆದು, ಪ್ರತಿಭಟಿಸಿ ಎಂದು ಬೇಡುತ್ತಾನೆ; ಅವರ ಮನುಷ್ಯತ್ವವೇ ಅದನ್ನು ಕೊಲ್ಲುತ್ತದೆ. 1955ರಲ್ಲಿ ಹ್ಯಾಮರ್ ಸಂಸ್ಥೆ ಇದನ್ನು ಸಿನಿಮಾ ಮಾಡಿದಾಗ ಕೈಯಲ್ಲಿ ಇನ್ನಷ್ಟು ಹಣವಿತ್ತು, ಹಾಗಾಗಿ ವಿದ್ಯುತ್ ಹಾಯಿಸಿ ಸುಟ್ಟರು. ಸಿನಿಮಾ ಒಳ್ಳೆಯದೇ. ಆದರೆ ಮಾತಿನಿಂದ ಸಾಯುವ ಭೂತ ವಿದ್ಯುತ್ತಿನಿಂದ ಸಾಯುವ ಭೂತಕ್ಕಿಂತ ಬಹಳ ದೊಡ್ಡದು.

1958ರ ‘ದಿ ಬ್ಲಾಬ್’ ಈ ಕಷ್ಟವನ್ನು ಬೇರೊಂದು ದಾರಿಯಲ್ಲಿ ದಾಟಿತು. ಪೆನ್ಸಿಲ್ವೇನಿಯಾದ ಸಣ್ಣ ಊರುಗಳಲ್ಲಿ ಧಾರ್ಮಿಕ ಚಿತ್ರಗಳನ್ನು ಮಾಡಿಕೊಂಡಿದ್ದ ಇರ್ವಿನ್ ಯೇವರ್ತ್ ನಿರ್ದೇಶಿಸಿದ ಇದರಲ್ಲಿ ಆಕ್ರಮಣಕಾರಿಗೆ ಮುಖವಿಲ್ಲ, ಕೈಕಾಲಿಲ್ಲ. ಕೆಂಪು ಬಣ್ಣ ಬೆರೆಸಿದ ಸಿಲಿಕೋನ್ ಮುದ್ದೆ ಅದು. ಮುಖವೇ ಇಲ್ಲದ್ದಕ್ಕೆ ಮುಖವಾಡ ಜಾರುವ ಭಯವಿಲ್ಲ. ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಚಿತ್ರಮಂದಿರದಿಂದ ಜನ ಕಿರುಚಿಕೊಂಡು ಹೊರಗೋಡುವ ದೃಶ್ಯ ಎಷ್ಟು ನೆಚ್ಚಿನದಾಯಿತೆಂದರೆ ಆ ಊರಿನವರು ಈಗಲೂ ವರ್ಷಕ್ಕೊಮ್ಮೆ ಹಬ್ಬ ಮಾಡಿ ಅದೇ ಬಾಗಿಲಿನಿಂದ ಅದೇ ರೀತಿ ಓಡುತ್ತಾರೆ. ಈ ಚಿತ್ರಗಳ ಮೇಲಿನ ಪ್ರೀತಿಯಲ್ಲಿ ಅಣಕವೇ ಇರಬೇಕಿಲ್ಲ ಎಂಬುದಕ್ಕೆ ಆ ಓಟವೇ ಪುರಾವೆ.

ಒಪ್ಪಂದದ ಮಾತನ್ನು ಹೆಚ್ಚು ಎಳೆಯುತ್ತಿದ್ದೀರಿ, ಕೊನೆಗೂ ಹಣವಿದ್ದರೆ ಚೆನ್ನಾಗಿರುತ್ತಿತ್ತು ತಾನೇ ಎಂದು ಯಾರಾದರೂ ಕೇಳಬಹುದು. ಅವರು 20 ಲಕ್ಷ ಡಾಲರಿನ ‘ವಾರ್ ಆಫ್ ದಿ ವರ್ಲ್ಡ್ಸ್’ ಅನ್ನು ಮುಂದಿಟ್ಟರೆ, ಅದು ವಿಶೇಷ ಪರಿಣಾಮಗಳಿಗೆ ಆಸ್ಕರ್ ಪಡೆದ ಭವ್ಯ ಚಿತ್ರವೆಂದು ಒಪ್ಪುತ್ತೇನೆ. ಆದರೆ ಮಂಗಳದ ಯುದ್ಧನೌಕೆಗಳನ್ನು ತೂಗುಹಾಕಿದ ತಂತಿಗಳು ಅದರಲ್ಲೂ ಇದ್ದವು. ಮೂಲದ ಟೆಕ್ನಿಕಲರ್ ಪ್ರಿಂಟುಗಳ ಮೃದುತನದಲ್ಲಿ ಅವು ಅಡಗಿದ್ದವು. ಮುಂದಿನ ಪ್ರಿಂಟು, ಡಿಸ್ಕುಗಳಲ್ಲಿ ಎದ್ದು ಕಂಡವು. ಈಚಿನ ಪುನರುಜ್ಜೀವನದಲ್ಲಿ ಕಂಪ್ಯೂಟರ್ ಮೂಲಕ ಅಳಿಸಿದರು. ನಾವು ಈ ಚಿತ್ರಗಳಲ್ಲಿ ಎಣಿಸುವ ತಪ್ಪುಗಳಲ್ಲಿ ಒಂದಷ್ಟು ನಮ್ಮ ಪರದೆಗಳು ಹುಟ್ಟಿಸಿದವು ಎಂಬುದನ್ನು ಮರೆಯಬಾರದು. ರಾತ್ರಿಯ ಬಯಲಲ್ಲಿ, ಕಾರಿನ ಗಾಜಿನಾಚೆ, ಮಸುಕು ಪರದೆಯ ಮೇಲೆ ಒಮ್ಮೆ ನೋಡಲೆಂದು ಮಾಡಿದ್ದನ್ನು ನಾವು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಹಿಗ್ಗಿಸಿ ನೋಡುತ್ತೇವೆ. ಹಣ ಕಡಿಮೆ ಇದ್ದಲ್ಲೂ ಅಪಾರ ಶ್ರದ್ಧೆ ಇದ್ದ ಉದಾಹರಣೆ ಬೇಕಿದ್ದರೆ 1956ರ ‘ಅರ್ಥ್ ವರ್ಸಸ್ ದಿ ಫ್ಲೈಯಿಂಗ್ ಸಾಸರ್ಸ್’ ಇದೆ. ಕಟ್ಟಡ ಕುಸಿಯುವುದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿಯಲು ಹಣ ಸಾಲದೆ ರೇ ಹ್ಯಾರಿಹೌಸನ್ ಉರುಳುವ ಚೂರುಗಳನ್ನು ಒಂದೊಂದಾಗಿ ತಂತಿಗೆ ಕಟ್ಟಿ, ಚೌಕಟ್ಟು ಚೌಕಟ್ಟಿಗೂ ಕೂದಲೆಳೆಯಷ್ಟು ಸರಿಸಿ ಚಿತ್ರಿಸಿದರು. ಆ ಕುಸಿತದಲ್ಲಿ ಒಂದು ವಿಚಿತ್ರ ನಿಧಾನವಿದೆ. ಅದು ನಿಜವಾದ ಕುಸಿತದಂತಿಲ್ಲ, ಅದಕ್ಕೇ ಮರೆಯಲಾಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಭಾರದ್ದು, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಈ ಚಿತ್ರಗಳು ಸುತ್ತಮುತ್ತಲಿನವರನ್ನೇ ಅನುಮಾನಿಸಲು ಕಲಿಸಿದವು, ಕಮ್ಯುನಿಸ್ಟರ ಬೇಟೆಯ ಕಾಲಕ್ಕೆ ತಾಳ ಹಾಕಿದವು ಎಂಬ ದೂರು ಅದು. ‘ಬಾಡಿ ಸ್ನ್ಯಾಚರ್ಸ್’ ಅನ್ನು ಹಾಗೂ ಓದಿದ್ದಾರೆ, ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲು ಹೊರಟ ಮೆಕಾರ್ತಿ ಕಾಲದ ಟೀಕೆಯೆಂದೂ ಓದಿದ್ದಾರೆ. ಎರಡಕ್ಕೂ ಚಿತ್ರದಲ್ಲಿ ಜಾಗವಿದೆ, ಅದು ಅದರ ಬಲ. ನಾಯಕ ಹೆದ್ದಾರಿಯಲ್ಲಿ ಹುಚ್ಚನಂತೆ ಕೂಗುವಲ್ಲಿಗೆ ಮುಗಿಸಬೇಕೆಂದು ನಿರ್ದೇಶಕ ಡಾನ್ ಸೀಗಲ್ ಬಯಸಿದ್ದರು. ಸಂಸ್ಥೆ ಹಿಂದೆ ಮುಂದೆ ಆಸ್ಪತ್ರೆಯ ದೃಶ್ಯ ಸೇರಿಸಿ, ಸರ್ಕಾರಕ್ಕೆ ಸುದ್ದಿ ಮುಟ್ಟಿತು ಎಂಬ ಸಮಾಧಾನ ಹಚ್ಚಿತು. ಅಗ್ಗದ ಚಿತ್ರಗಳ ನಿಜವಾದ ಕೊರತೆ ಕಾಣುವುದು ಇಂಥ ಕಡೆ. ಕತೆ ಬಿಗಿಯಾದಾಗಲೆಲ್ಲ ಸೈನ್ಯದ ಹಳೆಯ ದೃಶ್ಯಗಳನ್ನು ಎಲ್ಲಿಂದಲೋ ತಂದು ತುಂಬುವುದು, ಟ್ಯಾಂಕುಗಳು ಹತ್ತು ನಿಮಿಷ ಉರುಳುವುದು, ಒಂದು ಆಯುಧ ಸಿಕ್ಕಿ ಎಲ್ಲ ಪರಿಹಾರವಾಗುವುದು. ಹೆಣ್ಣುಮಕ್ಕಳ ಪಾಲಿಗೆ ಚೀರಾಟ ಮತ್ತು ಕಾಫಿ. ಬೆವರ್ಲಿ ಗಾರ್ಲಂಡ್ ಒಬ್ಬಳೇ ಬಂದೂಕು ಹಿಡಿದು ಗುಹೆಗೆ ನುಗ್ಗುವ ‘ಇಟ್ ಕಾಂಕರ್ಡ್ ದಿ ವರ್ಲ್ಡ್’, ಹೆಂಡತಿಯ ಕಣ್ಣಿನಿಂದಲೇ ಗಂಡನೆಂಬ ಅಪರಿಚಿತನನ್ನು ನೋಡುವ 1958ರ ‘ಐ ಮ್ಯಾರೀಡ್ ಎ ಮಾನ್‌ಸ್ಟರ್ ಫ್ರಮ್ ಔಟರ್ ಸ್ಪೇಸ್’ ಅಪವಾದಗಳು.

ಎಲ್ಲಕ್ಕಿಂತ ದೊಡ್ಡ ನಷ್ಟ ಮೂಲಕೃತಿಯದು. ಎಚ್. ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ, ಯುರೋಪಿನಿಂದ ಹೋದವರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಅಳಿಸಿಹಾಕಿದ್ದನ್ನು ನೆನಪಿಸುತ್ತಾರೆ. ನಾವು ಅನ್ಯರಿಗೆ ಮಾಡಿದ್ದನ್ನು ಮಂಗಳದವರು ನಮಗೆ ಮಾಡಿದರೆ ದೂರಲು ನಮಗೇನು ಹಕ್ಕು ಎಂಬ ಆ ಪ್ರಶ್ನೆ 1950ರ ದಶಕದ ಬಹುಪಾಲು ಅಮೆರಿಕನ್ ಚಿತ್ರಗಳಲ್ಲಿ ಮಾಯವಾಗಿದೆ. ಇದಕ್ಕೆ ಬಡತನ ಕಾರಣವಲ್ಲ, ದುಬಾರಿ ‘ವಾರ್ ಆಫ್ ದಿ ವರ್ಲ್ಡ್ಸ್’ ಕೂಡ ಅದನ್ನು ಕೈಬಿಟ್ಟಿತು. ಪರರ ಆಳ್ವಿಕೆಯಲ್ಲಿ ಬದುಕಿದ ನೆಲದ ಪ್ರೇಕ್ಷಕರು ಈ ಮೌನವನ್ನು ತಂತಿಗಿಂತ ಮೊದಲು ಗುರುತಿಸಬೇಕು. ಆರು ದಿನದಲ್ಲಿ ಮುಗಿದ ಉಲ್ಮರ್‌ನ ಚಿತ್ರದಲ್ಲಿ ಆ ಪ್ರಶ್ನೆಯ ಎಳೆಯೊಂದು ಉಳಿದಿದೆ, ನಗೆಗೀಡಾದ ವುಡ್‌ನ ಚಿತ್ರದಲ್ಲೂ ಅನ್ಯಗ್ರಹದವನು ಮನುಷ್ಯನತ್ತ ಬೆರಳು ತೋರಿಸುತ್ತಾನೆ.

ಇದೇ ವಿಷಯ ನಮ್ಮ ಕಡೆ ಬಂದಾಗ ಒಪ್ಪಂದ ಪುರಾಣದಿಂದ ಬಂತು. 1963ರ ತಮಿಳು ಚಿತ್ರ ‘ಕಲೈ ಅರಸಿ’ಯಲ್ಲಿ, ಸಂಗೀತವೇ ಇಲ್ಲದ ಗ್ರಹವೊಂದರಿಂದ ಬಂದವರು ಹಾಡುಗಾರ್ತಿಯನ್ನು ಹೊತ್ತೊಯ್ಯುತ್ತಾರೆ, ಆಕೆ ಪಿ. ಭಾನುಮತಿ, ಬಿಡಿಸಿಕೊಂಡು ಬರಲು ಹೋಗುವವರು ಎಂ. ಜಿ. ರಾಮಚಂದ್ರನ್. ಆ ಗ್ರಹ ದೇವಲೋಕದ ಸೆಟ್ಟಿನ ಸೋದರ ಸಂಬಂಧಿ. ದೇವಲೋಕವನ್ನು ರಟ್ಟಿನಲ್ಲಿ ನೋಡಿ ಒಪ್ಪಿಕೊಂಡಿದ್ದ ಪ್ರೇಕ್ಷಕರಿಗೆ ಇದನ್ನು ಒಪ್ಪಲು ಏನು ಕಷ್ಟ? ಅಮೆರಿಕದ ವಿಲಿಯಂ ಕ್ಯಾಮೆರಾನ್ ಮೆಂಜೀಸ್ 1953ರ ‘ಇನ್ವೇಡರ್ಸ್ ಫ್ರಮ್ ಮಾರ್ಸ್’ನಲ್ಲಿ ಅದೇ ಫಲವನ್ನು ಮಗುವಿನ ಕಣ್ಣಿನಿಂದ ಪಡೆದರು. ಪೊಲೀಸ್ ಠಾಣೆ ಎಂದರೆ ಬರಿಗೋಡೆ, ಅಳತೆ ಮೀರಿದ ಎತ್ತರದ ಒಂದು ಮೇಜು, ಅದರ ಕೆಳಗೆ ಒಬ್ಬ ಪುಟ್ಟ ಹುಡುಗ. ಸೆಟ್ಟಿಗೆ ಹಣವಿಲ್ಲ ಎಂಬುದೇ ಅಲ್ಲಿ ದೊಡ್ಡವರ ಲೋಕದ ನಿರ್ಭಾವವಾಗಿದೆ. ಅಪ್ಪ ಅಮ್ಮ ಒಬ್ಬೊಬ್ಬರಾಗಿ ಬದಲಾಗುವ ಭಾಗದಲ್ಲಿ ಅದು ಮೈ ಕೊರೆಯುತ್ತದೆ. ಮಂಗಳದ ಆಳುಗಳ ಬೆನ್ನಿನ ಜಿಪ್ ಕಾಣುತ್ತದೆ, ನಿಜ. ಕನಸಿನ ನಿಯಮ ಒಪ್ಪಿದವರಿಗೆ ಅದು ದೊಡ್ಡ ಮಾತಲ್ಲ. ‘ರೋಬೋಟ್ ಮಾನ್‌ಸ್ಟರ್’ ಕೂಡ ಹುಡುಗನೊಬ್ಬನ ಕನಸೇ. ಕ್ಯಾಮೆರಾ ಮಾತ್ರ ಒಂದು ಸಲವೂ ಹುಡುಗನಂತೆ ನೋಡುವುದಿಲ್ಲ. ಎಲ್ಮರ್ ಬರ್ನ್‌ಸ್ಟೈನ್‌ನ ಸಂಗೀತ, ಮುಂದೆ ‘ಟೆನ್ ಕಮಾಂಡ್‌ಮೆಂಟ್ಸ್’ಗೆ ಸ್ವರ ಕೂಡಿಸಿದ ಅದೇ ಬರ್ನ್‌ಸ್ಟೈನ್‌ನದು, ಒಂಟಿಯಾಗಿ ಆ ಗೊರಿಲ್ಲಾವನ್ನು ಮೇಲೆತ್ತಲು ಹೆಣಗುತ್ತದೆ.

ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ತೋರಿಸಬಹುದಾದ ಈ ದಿನಗಳಲ್ಲಿ ಇದೆಲ್ಲ ಹಳೆಯ ಕತೆಯೆಂದು ಅನಿಸುವವರು 2019ರ ‘ದಿ ವಾಸ್ಟ್ ಆಫ್ ನೈಟ್’ ನೋಡಬೇಕು. ಆಂಡ್ರ್ಯೂ ಪ್ಯಾಟರ್ಸನ್ ಸ್ವಂತ ಹಣ ಹಾಕಿ, ಸುಮಾರು 7 ಲಕ್ಷ ಡಾಲರಿನಲ್ಲಿ ತೆಗೆದ ಮೊದಲ ಚಿತ್ರ. ಕಾಲ 1950ರ ದಶಕ, ಜಾಗ ನ್ಯೂ ಮೆಕ್ಸಿಕೋದ ಒಂದು ಪುಟ್ಟ ಊರು. ಊರವರೆಲ್ಲ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋದ ರಾತ್ರಿ ಟೆಲಿಫೋನ್ ಆಪರೇಟರ್ ಹುಡುಗಿಯೊಬ್ಬಳು ತಂತಿಯಲ್ಲಿ ಅಪರಿಚಿತ ಸದ್ದೊಂದನ್ನು ಕೇಳುತ್ತಾಳೆ. ಕ್ಯಾಮೆರಾ ನಿಮಿಷಗಟ್ಟಲೆ ಅವಳ ಮುಖ ಬಿಟ್ಟು ಕದಲುವುದಿಲ್ಲ. ಅವಳು ಒಂದು ಪ್ಲಗ್ ಕಿತ್ತು ಇನ್ನೊಂದು ಸಿಕ್ಕಿಸುತ್ತಾಳೆ, ಯಾರನ್ನೋ ಕೇಳುತ್ತಾಳೆ, ಕರೆ ಕಡಿದುಹೋಗುತ್ತದೆ, ಮತ್ತೆ ಸಿಕ್ಕಿಸುತ್ತಾಳೆ. ಆಮೇಲೆ ರೇಡಿಯೋ ಕೇಂದ್ರಕ್ಕೆ ಒಬ್ಬಾತ ಫೋನ್ ಮಾಡಿ ತಾನು ಸೈನ್ಯದಲ್ಲಿದ್ದಾಗ ಕಂಡದ್ದನ್ನು ಹೇಳತೊಡಗಿದಾಗ ಪ್ಯಾಟರ್ಸನ್ ಪರದೆಯನ್ನೇ ಕಪ್ಪಾಗಿಸಿ, ಅವನ ದನಿಯೊಂದನ್ನೇ ಉಳಿಸುತ್ತಾರೆ.